ಅರಿಶಿನ ಹಿಡಿಯದ ಹೊಸ್ತಿಲು

ನಮ್ಮ ಮನೆಯ ಹೊಸ್ತಿಲಿಗೆ ಮನೆಗಿಂತ ಹೆಚ್ಚು ವಯಸ್ಸಾಗಿದೆ. ಅರಸೀಕೆರೆಯ ಈ ಬಡಾವಣೆಯಲ್ಲಿ ನಾವು ಗೋಡೆ ಎಬ್ಬಿಸಿದಾಗ ಕಿಟಕಿ, ಬಾಗಿಲು, ನೆಲದ ಟೈಲ್ಸು ಎಲ್ಲವೂ ಅಂಗಡಿಯಿಂದ ಹೊಚ್ಚಹೊಸದಾಗಿ ಬಂದವು; ಹೊಸ್ತಿಲೊಂದು ಮಾತ್ರ ಜಾವಗಲ್ಲಿನ ಹಳೆಯ ಮನೆಯಿಂದ ಗೋಣಿಚೀಲ ಹೊದ್ದುಕೊಂಡು, ಟೆಂಪೋದಲ್ಲಿ ನಮ್ಮ ಅತ್ತೆಯ ಪಕ್ಕದಲ್ಲೇ ಕೂತು ಬಂತು. ಹಲಸಿನ ಮರದ ಹೊಸ್ತಿಲು. ಅತ್ತೆ ಮದುವೆಯಾಗಿ ಬಂದಾಗ ಅಕ್ಕಿ ತುಂಬಿದ ಸೇರನ್ನು ಕಾಲಿನಿಂದ ಉರುಳಿಸಿ ಒಳಗೆ ಬಂದದ್ದು ಅದನ್ನು ದಾಟಿಯೇ. ಅಂದಿನಿಂದ ಶುಕ್ರವಾರ ಶುಕ್ರವಾರಕ್ಕೆ ಅವರು ಸವರಿದ ಅರಿಶಿನ ಮರದ ಎಳೆಯೆಳೆಗೂ ಇಳಿದು, ಮರ ಎಲ್ಲಿ ಮುಗಿಯಿತು ಅರಿಶಿನ ಎಲ್ಲಿ ಶುರುವಾಯಿತು ಎಂದು ಹೇಳುವುದು ಬಡಗಿಗೂ ಕಷ್ಟವಾಗಿತ್ತು. ಇಂಥ ಹೊಸ್ತಿಲನ್ನು ನೀವು ಎಂದಾದರೂ ಅಂಗೈಯಿಂದ ಸವರಿ ನೋಡಿದ್ದರೆ ಗೊತ್ತಿರುತ್ತದೆ, ಕೈ ಅಲ್ಲಿ ಜಾರುವುದಿಲ್ಲ, ತರಚುವುದೂ ಇಲ್ಲ. ಪರಿಚಯದವರ ಮನೆ ಮುಂದೆ ಕಾಲು ನಿಂತಹಾಗೆ ಒಂದು ಗಳಿಗೆ ನಿಲ್ಲುತ್ತದೆ.

ಅತ್ತೆಗೆ ಈಗ ಕಣ್ಣು ಕಾಣುವುದಿಲ್ಲ. ಕಿಟಕಿ ಯಾವ ಕಡೆ, ದೀಪ ಹತ್ತಿದೆಯೋ ಇಲ್ಲವೋ ಎಂದು ತಿಳಿಯುವಷ್ಟು ಬೆಳಕು ಉಳಿದಿದೆ. ಮಿಕ್ಕದ್ದನ್ನೆಲ್ಲ ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ತಿಂದುಹಾಕಿದೆ. ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶವೂ ಮಂಕಾಗಿರುವುದರಿಂದ ಅವರ ಪಾಲಿಗೆ ಲೋಕವೆಂಬುದು ಈಗ ಎರಡು ಅಂಗೈಗಳಷ್ಟು ಅಗಲ. ಆ ಅಗಲದಲ್ಲೇ ಅವರು ರಾಗಿ ಹಿಟ್ಟು ನುಣ್ಣಗಾಗಿದೆಯೇ, ಕೊಬ್ಬರಿ ಒಣಗಿದೆಯೇ ಎಂದು ಹೇಳುತ್ತಾರೆ, ನನ್ನ ಹಣೆ ಮುಟ್ಟಿ "ಇವತ್ತು ಇಸ್ಕೂಲಲ್ಲಿ ಯಾರ ಮ್ಯಾಲೆ ರೇಗಾಡಿ ಬಂದ್ಯವ್ವ?" ಎಂದೂ ಕೇಳುತ್ತಾರೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು; ರೇಗುವುದು ನನ್ನ ಉದ್ಯೋಗದ ಒಂದು ಭಾಗವೇ ಆಗಿಹೋಗಿದೆ.

ಮಾವ ತೀರಿಕೊಂಡಾಗ, ಬಂದ ನೆಂಟರಲ್ಲಿ ಕೆಲವು ಹೆಂಗಸರು ಅತ್ತೆಯನ್ನು ಕೋಣೆಯಲ್ಲಿ ಕೂರಿಸಿಕೊಂಡು, ಇನ್ನು ಮೇಲೆ ನೀನು ಅರಿಶಿನ ಮುಟ್ಟಬಾರದು, ಹೊಸ್ತಿಲನ್ನು ಸೊಸೆಗೆ ಬಿಟ್ಟುಬಿಡು ಎಂದು ಹೇಳಿ ಹೋದರು. ಮೆತ್ತಗೆ, ಬೆನ್ನು ಸವರುತ್ತಲೇ ಹೇಳಿದರು. ಅದಕ್ಕೇ ಮಾತು ಆಳಕ್ಕೆ ಇಳಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಭಾಷಣ ಬಿಗಿದು ಅತ್ತೆಯನ್ನು ಗೆಲ್ಲಲಾಗದೆಂದು ಗೊತ್ತಿದ್ದ ನಾನು ಸೋಮಾರಿ ಸೊಸೆಯ ವೇಷ ಹಾಕಿದೆ. ಶುಕ್ರವಾರ ಬಂದರೆ ಹೊಸ್ತಿಲು ಬರಿದಾಗಿಯೇ ಇರುತ್ತಿತ್ತು. ಅವರು ಕೇಳಿದರೆ, "ತಿಂಡಿ ಮಾಡ್ಲಾ, ಸ್ಕೂಲಿಗೆ ಓಡ್ಲಾ, ಹೊಸ್ತಿಲು ತೊಳೀಲಾ, ನೀವೇ ಹೇಳಿ ಅತ್ತೆ. ನೀವು ಮಾಡಿದ್ರೆ ಉಂಟು, ಇಲ್ದಿದ್ರೆ ಇಲ್ಲ" ಎಂದು ಕೈಯಾಡಿಸಿಬಿಡುತ್ತಿದ್ದೆ. ಕೆಲವು ವಾರ ಅವರು ಸಹಿಸಿಕೊಂಡರು. ಒಂದು ಶುಕ್ರವಾರ ತಡೆಯಲಾರದೆ, ನನ್ನನ್ನು ಬೈದುಕೊಳ್ಳುತ್ತಲೇ, ಬಟ್ಟಲಲ್ಲಿ ಅರಿಶಿನ ಕಲೆಸಿಕೊಂಡು ಬಂದು ಹೊಸ್ತಿಲ ಮುಂದೆ ಕೂತರು. ಅವತ್ತು ಅಡುಗೆಮನೆಯಲ್ಲಿ ನಿಂತು ನಾನು ಸದ್ದಾಗದಂತೆ ಕಣ್ಣೊರೆಸಿಕೊಂಡೆ. ಆಮೇಲೆ ಕಣ್ಣು ಹೋದರೂ ಶುಕ್ರವಾರದ ಆ ಕೆಲಸ ಅವರ ಕೈಬಿಟ್ಟು ಹೋಗಲಿಲ್ಲ.

ಇನ್ನು ನಮ್ಮವರ ಪರಿಚಯ ಮಾಡಿಕೊಡಬೇಕು. ರೈಲ್ವೆ ನೌಕರಿ, ಸಾಧು ಸ್ವಭಾವ, ಆದರೆ ಅಂಗಡಿಗೆ ಹೊಸ ಸಾಮಾನು ಬಂದಿದೆ ಎಂದರೆ ಊಟ ಬಿಟ್ಟು ಏಳುವ ಮನುಷ್ಯ. ನ್ಯಾನೋ ಎಂಬ ಮಾತು ಈಗ ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಮೊಳೆ, ತಿರುಪುಗಳಷ್ಟೇ ಸಲೀಸಾಗಿ ಓಡಾಡುವುದರಿಂದ ಅವರಿಗೆ ದಿನವೂ ಹಬ್ಬ. ಸ್ಕೂಟರಿಗೆ ಕೆಸರು ಅಂಟದ ಲೇಪ ಬಂತು, ಮೊಬೈಲಿನ ಗಾಜಿಗೆ ಬೆರಳಚ್ಚು ನಿಲ್ಲದ ಲೇಪ ಬಂತು, ತಾರಸಿಗೆ ನೀರಿಳಿಯದ ಲೇಪ ಬಂದು ನಿಜಕ್ಕೂ ನಮ್ಮ ಮಲಗುವ ಕೋಣೆಯ ಸೋರಿಕೆ ನಿಂತಿತು. ಮೈದುನನ ಮಗಳ ಮದುವೆಗೆಂದು ಕೊಂಡ ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿದರೆ ಹನಿಹನಿಯಾಗಿ ಉರುಳಿ ಕೆಳಗೆ ಬೀಳುತ್ತಿತ್ತು. ಪಂಕ್ತಿಯಲ್ಲಿ ಕೂತವರಿಗೆಲ್ಲ ಇವರು ಅದನ್ನು ಬೇಕೆಂದೇ ಮತ್ತೆ ಮತ್ತೆ ಚೆಲ್ಲಿ ತೋರಿಸಿ, ಎಲೆಯಲ್ಲಿ ಅನ್ನಕ್ಕೆ ಸಾರೇ ಉಳಿಯಲಿಲ್ಲ.

ನಗುವುದು ಸುಲಭ. ಆದರೆ ಅತ್ತೆಯ ಕಾಲಿನ ಬೆರಳಿಗೆ ಹುಣ್ಣಾಗಿ, ಸಕ್ಕರೆ ಕಾಯಿಲೆಯ ದೆಸೆಯಿಂದ ಅದು ವಾಸಿಯಾಗದೆ, ಬೆರಳನ್ನೇ ತೆಗೆಯಬೇಕಾದೀತು ಎಂಬ ಮಾತು ಬಂದಿದ್ದಾಗ, ಹಾಸನದ ವೈದ್ಯರು ಕಟ್ಟಿದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳನ್ನು ಲೇಪಿಸಿದ ಪಟ್ಟಿಯನ್ನು. ಬೆಳ್ಳಿ ಕೀವಿನ ಕ್ರಿಮಿಗಳನ್ನು ತಡೆದು ಗಾಯ ತಾನಾಗಿ ಕೂಡಿಕೊಳ್ಳಲು ಅನುವು ಮಾಡಿಕೊಟ್ಟಿತು. "ಕಾಲುಂಗುರ ಬಿಚ್ಚಿಟ್ಟ ಬೆರಳಿಗೇ ಬೆಳ್ಳಿ ಕಟ್ಟವ್ರೆ" ಎಂದು ಅತ್ತೆ ತಮ್ಮನ್ನೇ ತಮಾಷೆ ಮಾಡಿಕೊಂಡರು, ನಾವು ನಗಲಾರದೆ ನಕ್ಕೆವು. ಬೆರಳು ಉಳಿಯಿತು. ಆದ್ದರಿಂದ ಈ ಸೂಕ್ಷ್ಮ ವಿದ್ಯೆಯ ಮೇಲೆ ನಾನು ಮುನಿಸಿಕೊಂಡು ಬರೆಯುತ್ತಿಲ್ಲ. ಅದರ ಋಣ ನಮ್ಮ ಮನೆಯ ಮೇಲಿದೆ.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸಿದೆವು. ಬಾಗಿಲು ಕಿಟಕಿಗಳ ಮರಕ್ಕೆ ನೀರು, ಗೆದ್ದಲು, ಕಲೆ ಯಾವುದೂ ಸೋಕದ ಪಾರದರ್ಶಕ ನ್ಯಾನೋ ಲೇಪ ಕೊಡಿಸುವುದೆಂದು ನಮ್ಮವರು ನಿಶ್ಚಯಿಸಿದರು. ಅದನ್ನು ತುಂತುರಾಗಿ ಸಿಂಪಡಿಸುವಾಗ ಉಸಿರಿನೊಡನೆ ಒಳಗೆ ಹೋಗಬಾರದೆಂದು ನನಗೆ ಗೊತ್ತಿತ್ತು, ಹಾಗಾಗಿ ಬಣ್ಣದ ಕೆಲಸ ಮುಗಿಯುವ ತನಕ ಅತ್ತೆಯನ್ನು ಹಗರೆಯಲ್ಲಿರುವ ನಾದಿನಿಯ ಮನೆಗೆ ಕಳಿಸಿದೆ. ಬಣ್ಣದ ರಂಗಪ್ಪನಿಗೆ ಮೂಗು ಬಾಯಿ ಕಟ್ಟಿಕೊಳ್ಳಲು ಹೇಳಿ ಹೇಳಿ ಸಾಕಾಯಿತು. ಕಟ್ಟಿದ ವಸ್ತ್ರವನ್ನು ಅವನು ಮಾತಾಡಲೆಂದು ಕೆಳಗಿಳಿಸುತ್ತಿದ್ದ, ಮಾತು ಅವನಿಗೆ ನಿಲ್ಲುತ್ತಲೇ ಇರಲಿಲ್ಲ. ಕೆಲಸ ಮುಗಿಸಿ ಹೊರಡುವಾಗ ನನ್ನನ್ನು ಕರೆದು ಹೊಸ್ತಿಲು ತೋರಿಸಿದ. "ಬಾಗ್ಲಿಗೆಲ್ಲಾ ಒಂದೊಂದು ಕೋಟು, ಹೊಸ್ತ್ಲಿಗೆ ಮಾತ್ರ ಎರಡು ಹೊಡ್ದಿದೀನಿ ಮೇಡಮ್ಮೋರೆ. ಇದು ಲಕ್ಷ್ಮಿ ಇರೋ ಜಾಗ ಅಲ್ವಾ? ಅಮ್ಮೋರ ಅರಿಶಿನ ಇನ್ನು ಯಾವ ಕಾಲಕ್ಕೂ ಹೋಗಂಗಿಲ್ಲ." ನಿಜವಾಗಿಯೂ ಅವನು ಹಳೆಯ ಅರಿಶಿನವನ್ನು ಉಜ್ಜಿ ತೆಗೆಯದೆ, ಭಕ್ತಿಯಿಂದ ಹಾಗೇ ಉಳಿಸಿ ಅದರ ಮೇಲೆ ಲೇಪ ಕೊಟ್ಟಿದ್ದ. ಹೊಸ್ತಿಲು ಆಗತಾನೆ ಪೂಜೆ ಮಾಡಿಟ್ಟಂತೆ ಹಳದಿಯಾಗಿ ಹೊಳೆಯುತ್ತಿತ್ತು. ನಾನೂ ಮನಸಾರೆ ಮೆಚ್ಚಿದೆ.

ಅತ್ತೆ ಹಗರೆಯಿಂದ ಬಂದರು. ಬಣ್ಣದ ಸುದ್ದಿ ಹೇಳಿದೆವು, ಗೋಡೆ ಯಾವ ಬಣ್ಣ ಎಂದು ವರ್ಣಿಸಿದೆವು. ಕಣ್ಣಿಗೆ ಕಾಣದ ಲೇಪದ ವಿಷಯವನ್ನು ಕಣ್ಣು ಕಾಣದವರಿಗೆ ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ವಾರಗಳು ಕಳೆದವು. ಅತ್ತೆ ಮಾತು ಕಡಿಮೆ ಮಾಡಿದರು. ಮುಂಬಾಗಿಲ ಜಗಲಿಯಲ್ಲಿ ಸಂಜೆ ಕೂರುತ್ತಿದ್ದವರು ಹಿತ್ತಿಲ ಬಾಗಿಲಿನಲ್ಲೇ ಓಡಾಡತೊಡಗಿದರು. ಕಾಲಿನ ನೋವಿರಬೇಕು ಎಂದುಕೊಂಡೆ. ಆಮೇಲೆ ಒಂದು ದಿನ, ನಾನು ಇನ್ನು ಹಗರೆಯಲ್ಲೇ ಇದ್ದುಬಿಡುತ್ತೇನೆ, ಅಲ್ಲಿ ಹಸುಗಳಿವೆ, ಹೊತ್ತು ಹೋಗುತ್ತದೆ ಎಂದರು. ನಮ್ಮವರು ಮಂಕಾದರು. ನಾನು ಏನು ತಪ್ಪು ಮಾತಾಡಿದೆನೋ ಎಂದು ನೆನಪನ್ನೆಲ್ಲ ಕೆದಕಿದೆ. ಹೊಸ್ತಿಲ ಮೇಲೆ ಮಾತ್ರ ನನಗೆ ಅನುಮಾನವೇ ಬರಲಿಲ್ಲ, ಏಕೆಂದರೆ ಅದು ಎಂದು ನೋಡಿದರೂ ಅರಿಶಿನದಿಂದ ಹಳದಿಯಾಗಿಯೇ ಇರುತ್ತಿತ್ತು. ನೋಡಬಲ್ಲವಳು ನಾನು, ಮೋಸ ಹೋದವಳೂ ನಾನೇ.

ಆ ಶುಕ್ರವಾರ ಶಾಲೆಗೆ ರಜೆ ಇತ್ತು. ಹಾಲಿನ ಪಾತ್ರೆ ಹಿಡಿದು ಪಡಸಾಲೆಗೆ ಬಂದವಳು ಹಾಗೇ ನಿಂತೆ. ಅತ್ತೆ ಹೊಸ್ತಿಲ ಮುಂದೆ ಕೂತು ಅರಿಶಿನ ಸವರುತ್ತಿದ್ದರು. ಸವರಿದ್ದು ನಿಲ್ಲುತ್ತಿರಲಿಲ್ಲ. ಮುತ್ತುಮುತ್ತಾಗಿ ಒಡೆದು, ಒಂದಕ್ಕೊಂದು ಕೂಡಿ, ಹೊಸ್ತಿಲಿನಿಂದ ಇಳಿದು ನೆಲಕ್ಕೆ ಬೀಳುತ್ತಿತ್ತು. ಅವರು ಬೆರಳಿನಿಂದ ತಡವಿ ನೋಡಿ, ಮತ್ತೆ ಸವರಿ, ಮತ್ತೆ ತಡವಿದರು. ಆಮೇಲೆ ಯಾರಾದರೂ ಕಂಡಾರು ಎಂಬಂತೆ ಅವಸರವಸರವಾಗಿ ಸೆರಗಿನಿಂದ ನೆಲವನ್ನೆಲ್ಲ ಒರೆಸಿದರು. ನಾನು ಹಾಲಿನ ಪಾತ್ರೆಯನ್ನು ಕೆಳಗಿಟ್ಟೆ.

"ಅತ್ತೆ" ಎಂದೆ.

ಅವರು ಬೆಚ್ಚಿದರು. ಸೆರಗನ್ನು ಮುದುರಿಕೊಳ್ಳುತ್ತಾ ಹೇಳಿದರು: "ಆ ನೆಂಟ್ರು ಅವತ್ತೇ ಬ್ಯಾಡ ಅಂದಿದ್ರು ಕಣವ್ವ. ನಾನು ಕೇಳ್ಲಿಲ್ಲ. ಈಗ ಹೊಸ್ತ್ಲೇ ಹೇಳ್ತಾ ಐತೆ. ನನ್ ಕೈಯಿಂದ ಅರಿಶಿನ ತಗಳಾಕೆ ಆ ತಾಯಿಗೆ ಇಷ್ಟ ಇಲ್ಲ."

ಮಳೆಗಾಲವೆಲ್ಲ ಈ ಮಾತನ್ನು ಎದೆಯೊಳಗೆ ಇಟ್ಟುಕೊಂಡು ಆ ಮುದುಕಿ ನಮಗೆ ಮುದ್ದೆ ಕಟ್ಟಿ ಹಾಕಿದ್ದಾರೆ! ಒಂದು ಡಬ್ಬಿ ಲೇಪ, ಒಬ್ಬ ಒಳ್ಳೆಯ ಮನುಷ್ಯನ ಭಕ್ತಿ, ಎರಡೂ ಸೇರಿ ಮಾಡಿದ ಕೆಲಸವಿದು. ನಾನು ಅಲ್ಲೇ ಕೂತೆ. ಅದು ದೇವರ ಮುನಿಸಲ್ಲ, ರಂಗಪ್ಪ ಹಚ್ಚಿದ ಬಣ್ಣ ಅತ್ತೆ, ಅದರ ಮೇಲೆ ಯಾರು ಅರಿಶಿನ ಹಚ್ಚಿದರೂ ನಿಲ್ಲುವುದಿಲ್ಲ ಎಂದೆ. ಸಮಾಧಾನಕ್ಕೆ ಹೇಳುತ್ತೀಯ ಎಂದರು. ಹಾಗಾದರೆ ನೋಡಿ ಎಂದು ಬಟ್ಟಲನ್ನು ಎಳೆದುಕೊಂಡು, ಗಂಡ ಗಟ್ಟಿಮುಟ್ಟಾಗಿರುವ ನನ್ನ ಕೈಯಿಂದಲೇ ಅರಿಶಿನ ಬಳಿದು, ಅವರ ಬೆರಳುಗಳನ್ನು ಹಿಡಿದು ಅಲ್ಲಿ ಇಟ್ಟೆ. ಅರಿಶಿನ ನನ್ನ ಕೈಗೂ ಒಲಿಯದೆ ಉರುಳಿಹೋಯಿತು. ಪ್ರಯೋಗ ಯಶಸ್ವಿಯಾಯಿತು ಎಂದು ನಾನು ಬೀಗುತ್ತಿರುವಾಗಲೇ ಅತ್ತೆ ಗಾಬರಿಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅಯ್ಯೋ, ನಿನ್ ಕೈಗೂ ಇಲ್ವಾ? ಹಂಗಾದ್ರೆ ನನ್ ಮಗಂಗೆ ಏನೋ ಕಾದೈತೆ ಕಣೇ! ಅವನ್ನ ಇವತ್ತು ರೈಲ್ ಹತ್ರ ಕಳಿಸ್ಬ್ಯಾಡ!"

ವಿಜ್ಞಾನದ ಟೀಚರಿಗೆ ಆದ ಇಂಥ ಸೋಲು ನಿಮಗೆ ಎಲ್ಲೂ ಸಿಗಲಾರದು. ಒಳಗೆ ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತಿದ್ದ ನಮ್ಮವರು, "ನಂಗೇನಾಗಿದೆಯಮ್ಮಾ, ತಿಂಡಿ ತಡ ಆಗಿದೆ ಅಷ್ಟೇ" ಎಂದು ಕೂಗಿದರು. ನನಗೆ ನಗು ಬಂತು, ಜತೆಗೇ ಅಳು ಬಂತು. ತನ್ನ ಅಪಮಾನವನ್ನು ತಿಂಗಳುಗಟ್ಟಲೆ ನುಂಗಿಕೊಂಡವರು ನನ್ನ ಕೈಗೆ ಅದೇ ಬಂದ ಕೂಡಲೇ ಒಂದು ಗಳಿಗೆಯೂ ಸಹಿಸಲಿಲ್ಲ.

ಹಿತ್ತಿಲಲ್ಲಿ ಬಚ್ಚಲ ನೀರು ಹೋಗುವಲ್ಲಿ ಕೆಸುವಿನ ಗಿಡವಿದೆ. ಹೋಗಿ ಒಂದು ಎಲೆ ಕಿತ್ತು ತಂದೆ. ಅದನ್ನು ಅತ್ತೆಯ ಎಡಗೈ ಮೇಲೆ ಹರಡಿ, ಚೊಂಬಿನಿಂದ ನೀರು ಬಿಟ್ಟು, ಬಲಗೈಯಿಂದ ಮುಟ್ಟಲು ಹೇಳಿದೆ. ನೀರು ಎಲೆಯ ಮೇಲೆ ಗುಂಡಗಾಗಿ ಓಡಾಡಿ, ಮುಟ್ಟಹೋದ ಬೆರಳಿಗೆ ಡಿಕ್ಕಿ ಹೊಡೆದು ಜಾರಿತು, ಎಲೆ ಒದ್ದೆಯಾಗಲಿಲ್ಲ. ಇದು ಅವರಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. "ಕೆಸವು ಹಿಂಗೇ ಅಲ್ವಾ, ನೀರ್ ನಿಲ್ಲಾಕಿಲ್ಲ" ಎಂದರು. ಈ ಎಲೆಗೆ ನೀರಿನ ಮೇಲೆ ಕೋಪವೇನಾದರೂ ಇದೆಯಾ ಅತ್ತೆ, ಎಂದು ಕೇಳಿದೆ. ಅವರು ಎಲೆಯನ್ನು ಸವರಿದರು, ಹೊಸ್ತಿಲನ್ನು ಸವರಿದರು, ಮತ್ತೆ ಎಲೆಯನ್ನು ಸವರಿದರು. ಮುಖದ ಗಂಟು ಸ್ವಲ್ಪ ಸ್ವಲ್ಪವಾಗಿ ಸಡಿಲವಾದದ್ದನ್ನು ನಾನು ನೋಡಿದೆ. "ಹಂಗಾದ್ರೆ ಆ ರಂಗಪ್ಪ ನಮ್ ಹೊಸ್ತ್ಲಿಗೆ ಕೆಸವಿನೆಲೆ ಹೊದಿಸವ್ನೆ ಅನ್ನು" ಎಂದರು. ಇಷ್ಟು ಸರಿಯಾದ ವಿವರಣೆ ನನ್ನ ಪಾಠದಲ್ಲಿ ಎಂದೂ ಬಂದಿರಲಿಲ್ಲ.

ಆದರೆ ಸ್ನೇಹಿತರೇ, ಈ ಲೇಪದ ಒಂದು ಚೋದ್ಯವನ್ನು ನಿಮಗೆ ಹೇಳಬೇಕು. ಕೆಸುವಿನ ಎಲೆಯಿಂದ ನೀರು ಜಾರುವುದು ಅದು ನುಣುಪಾಗಿದೆ ಎಂದಲ್ಲ. ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣದಾದ ಉಬ್ಬುಗಳು ಅದರ ಮೈತುಂಬ ಇದ್ದು, ಅವುಗಳ ನಡುವಿನ ಗಾಳಿಯ ಮೇಲೆ ಹನಿ ಕೂತಿರುತ್ತದೆ, ಎಲೆಯನ್ನು ಹೆಚ್ಚುಕಡಿಮೆ ಮುಟ್ಟಿರುವುದೇ ಇಲ್ಲ. ಮುಟ್ಟಿದಂತೆ ತೋರಿಯೂ ಮುಟ್ಟಗೊಡದ ಈ ಜಾಣ್ಮೆಯನ್ನು ಮನುಷ್ಯ ಎಲೆಯಿಂದ ಕಲಿತು ಡಬ್ಬಿಯಲ್ಲಿ ತುಂಬಿದ್ದಾನೆ. ಕಲೆ ಬೇಡ, ಧೂಳು ಬೇಡ, ಬೆರಳಿನ ಗುರುತು ಬೇಡ ಎನ್ನುವ ನಮ್ಮ ಆಸೆ ತಪ್ಪೆಂದು ಹೇಗೆ ಹೇಳಲಿ? ಮಕ್ಕಳನ್ನು ಕರೆದುಕೊಂಡು ಬೇಲೂರಿಗೂ ಹಳೇಬೀಡಿಗೂ ವರ್ಷವರ್ಷ ಹೋಗುವವಳು ನಾನು. ಸಾಲಾಗಿ ನಿಂತ ವಿಗ್ರಹಗಳನ್ನು ಮುಟ್ಟಬೇಡಿರೋ, ಮುಟ್ಟಬೇಡಿರೇ ಎಂದು ಗಂಟಲು ಹರಿದುಕೊಳ್ಳುತ್ತೇನೆ. ಅಷ್ಟು ಹೇಳಿ, ಹಳೇಬೀಡಿನ ನಂದಿಯ ಹತ್ತಿರ ಬಂದಾಗ ನನ್ನ ಕೈಯೇ ಮುಂದಕ್ಕೆ ಹೋಗುತ್ತದೆ. ಕಲ್ಲಿಗೆ ಮಳೆ, ಪಾಚಿ, ಕೈಬೆವರು ಸೋಕದಂತೆ ಕಾಪಾಡುವ ಒಂದು ಲೇಪ ಸಿಕ್ಕರೆ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಆ ಬಳ್ಳಿ, ಆ ಬಳೆ, ಆ ಬೆರಳುಗಳನ್ನು ಇದ್ದ ಹಾಗೇ ನೋಡಿಯಾರು. ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅದು ಕಲ್ಲಿನ ಉಸಿರು ಕಟ್ಟಿಸದೆಯೇ, ಒಳಗಿನ ತೇವ ಹೊರಬರಲು ಬಿಟ್ಟೀತೇ ಎಂದು ಕೇಳಿ ತಿಳಿದು ಹಚ್ಚಲಿ. ದೇವರಿರುವ ಜಾಗವೆಂದು ಎರಡು ಕೋಟು ಹೊಡೆಯುವುದು ಬೇಡ.

ಹೊಸ್ತಿಲಿಗೆ ಈಗ ಏನು ಮಾಡುವುದು ಎಂಬ ಪ್ರಶ್ನೆ ಉಳಿಯಿತು. ನಮ್ಮವರು ಉಜ್ಜುವ ಯಂತ್ರ ತರಿಸಿ ಒಂದೇ ಗಂಟೆಯಲ್ಲಿ ಕಿತ್ತುಬಿಡೋಣ ಎಂದರು. ನಾನು ಒಪ್ಪಲಿಲ್ಲ. ಈ ಕಣಗಳು ಲೇಪದಲ್ಲಿ ಅಂಟಿಕೊಂಡು ಕೂತಿರುವ ತನಕ ಸಾಧು ಸ್ವಭಾವದವು. ಉಜ್ಜಿ ಪುಡಿ ಮಾಡಿ ಗಾಳಿಗೆ ಎಬ್ಬಿಸಿದರೆ ಶ್ವಾಸಕೋಶದ ಯಾವ ಮೂಲೆಗೆ ಹೋಗಿ ಕೂರುತ್ತವೆ, ಅಲ್ಲಿ ಎಷ್ಟು ಕಾಲ ಇದ್ದು ಏನು ಮಾಡುತ್ತವೆ ಎಂಬುದನ್ನು ತಿಳಿದವರೇ ಇನ್ನೂ ಪೂರ್ತಿ ತಿಳಿದಿಲ್ಲ. ತೊಳೆದುಬಿಟ್ಟರೆ ನೀರಿನೊಡನೆ ತೆಂಗಿನ ಬುಡಕ್ಕೆ ಹೋಗುತ್ತವೆ. ಬೆಳ್ಳಿಯ ಕಣ ಅತ್ತೆಯ ಗಾಯದ ಕ್ರಿಮಿಯನ್ನು ಕೊಂದಿತೆಂದು ಕೈಮುಗಿದೆವು. ಅಂಥದೇ ಕಣ ಕೋಟಿಗಟ್ಟಲೆ ಅಂಗಿ, ಡಬ್ಬಿ, ಕಾಲುಚೀಲಗಳಿಂದ ಬಚ್ಚಲಿಗೆ ಇಳಿದು ಮಣ್ಣು ಸೇರಿದರೆ, ಅಲ್ಲಿ ಎಲೆ ಕೊಳೆಸಿ ಗೊಬ್ಬರ ಮಾಡುವ ಬಡಪಾಯಿ ಜೀವಿಗಳನ್ನು ಇವರು ಒಳ್ಳೆಯವರು ಎಂದು ಗುರುತಿಸಿ ಬಿಟ್ಟೀತೇ? ಮೊಸರಿಗೆ ಹೆಪ್ಪಾಗುವುದೂ ಒಂದು ಕ್ರಿಮಿಯ ಸಂಸಾರವೇ. ಡಬ್ಬಿಯ ಮೇಲೆ ಹೊಳಪಿನ ಮಾತು ದೊಡ್ಡ ಅಕ್ಷರದಲ್ಲಿದ್ದು, ಒಳಗೆ ಏನಿದೆ, ಹಳತಾದಾಗ ಎಲ್ಲಿಗೆ ಹೋಗುತ್ತದೆ ಎಂಬುದು ಎಲ್ಲೂ ಇರುವುದಿಲ್ಲ. ಇದಿಷ್ಟನ್ನೂ ನಾನು ಒಂದೇ ಉಸಿರಿಗೆ ಹೇಳಿದಾಗ ನಮ್ಮವರು, "ಆಯ್ತು ಕಣೇ, ಯಂತ್ರ ತರಿಸಲ್ಲ. ಮೊದಲು ತಿಂಡಿ ಕೊಡು" ಎಂದರು.

ತೀರ್ಮಾನ ಮಾಡಿದ್ದು ಅತ್ತೆ. "ತಿಕ್ಕಿದ್ರೆ ಸವೀತದಾ?" ಎಂದು ಕೇಳಿದರು. ಸವೆಯುತ್ತದೆ, ಆದರೆ ಬಹಳ ಕಾಲ ಬೇಕು ಎಂದೆ. "ನಂಗೇನ್ ಕೆಲ್ಸ ಐತೆ? ನಾನೇ ತಿಕ್ತೀನಿ. ಹಗರೆ ಹಸ ಎಲ್ಲೂ ಓಡೋಗಾಕಿಲ್ಲ." ಹೀಗೆ ಹಗರೆಯ ಪ್ರಯಾಣ ನಿಂತಿತು. ತೆಂಗಿನ ನಾರನ್ನು ನೀರಲ್ಲಿ ನೆನೆಸಿ, ಧೂಳೇಳದ ಹಾಗೆ ಒದ್ದೆಯಾಗಿಯೇ ಅವರು ದಿನವೂ ಬೆಳಗ್ಗೆ ಹೊಸ್ತಿಲ ನಡುಭಾಗವನ್ನು ತಿಕ್ಕತೊಡಗಿದರು. ನಾನು ಹಳೆಯ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಕಸದ ಗಾಡಿಗೆ ಹಾಕುತ್ತಿದ್ದೆ, ಗಾಡಿ ಅದನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದು ನನಗೂ ಗೊತ್ತಿಲ್ಲ. ತಿಕ್ಕಿದ ಮೇಲೆ ಅವರು ಅಂಗೈಯಿಂದ ಸವರಿ ಪರೀಕ್ಷೆ ಮಾಡುವರು. ದೀಪಾವಳಿ ಹೋಯಿತು, ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚಿದ್ದಾಯಿತು. ನಮ್ಮವರು ಶಾಂತವಾಗಿ ಹೊಸ್ತಿಲ ನಡುಭಾಗವನ್ನು ದಾಟದೆ ಪಕ್ಕದಿಂದ ಕಾಲಿಟ್ಟು ಬರುವುದನ್ನು ಕಲಿತರು.

ಒಂದು ಬೆಳಗ್ಗೆ ದೋಸೆ ಹುಯ್ಯುತ್ತಿದ್ದೆ. "ಬಾರೇ ಇಲ್ಲಿ" ಎಂಬ ಕೂಗು ಕೇಳಿ, ಬಿದ್ದರೋ ಏನೋ ಎಂದು ಸೌಟು ಹಿಡಿದೇ ಓಡಿದೆ. ಅತ್ತೆ ಹೊಸ್ತಿಲ ಮುಂದೆ ಕೂತಿದ್ದರು, ಬಟ್ಟಲು ಪಕ್ಕದಲ್ಲಿತ್ತು. ನನ್ನ ಕೈಯನ್ನು ಎಳೆದು ಹೊಸ್ತಿಲ ನಡುವೆ ಒತ್ತಿದರು. ಅಲ್ಲಿ ಅಂಗೈಯಗಲದ ಜಾಗದಲ್ಲಿ ಮರ ಒರಟಾಗಿತ್ತು, ಒದ್ದೆಯಾಗಿತ್ತು, ತಣ್ಣಗೆ ಅರಿಶಿನ ಹೀರಿಕೊಂಡಿತ್ತು. "ತಗೊಂಡ್ಳು ಕಣೇ, ತಾಯಿ ತಗೊಂಡ್ಳು" ಎಂದು ಅತ್ತೆ ಮಗುವಿನ ಹಾಗೆ ಅತ್ತರು. ಲೇಪ ಸವೆಯಿತು ಎಂದು ಹೇಳಬೇಕಾದ ಟೀಚರ್ ನಾನು, ಹೂಂ ಅತ್ತೆ, ತಗೊಂಡಳು ಎಂದೆ. ಎರಡೂ ನಿಜವೇ ಎಂದು ನನಗೆ ಆಗ ಅನಿಸಿತು, ಈಗಲೂ ಅನಿಸುತ್ತದೆ. ದೋಸೆ ಸೀದುಹೋಯಿತು.

ಈಗ ನಮ್ಮ ಹೊಸ್ತಿಲನ್ನು ನೀವು ಬಂದು ನೋಡಿದರೆ ಎರಡು ಕಡೆ ಗಾಜಿನಂತೆ ಹೊಳೆಯುವ ಹಳದಿ, ನಡುವೆ ಮಾಸಿದ ಒಂದು ಅಂಗೈ ಅಗಲ ಕಾಣುತ್ತದೆ. ಹೊಳೆಯುವ ಭಾಗ ಮಳೆಯ ಎರಚಲನ್ನೂ ಗೆದ್ದಲನ್ನೂ ಚೆನ್ನಾಗಿಯೇ ತಡೆಯುತ್ತಿದೆ. ಅದನ್ನು ಅತ್ತೆ ಹಾಗೇ ಬಿಟ್ಟಿದ್ದಾರೆ. ಮೊನ್ನೆ ಎದುರು ಮನೆಯ ಕೆಲಸಕ್ಕೆ ಬಂದಿದ್ದ ರಂಗಪ್ಪ ನೀರು ಕೇಳಿಕೊಂಡು ಬಂದ. ಕುಡಿಯುತ್ತಾ ಅವನ ಕಣ್ಣು ಕೆಳಗೆ ಬಿತ್ತು. "ಅಯ್ಯೋ, ನಡುವೆ ಹೋಗ್ಬಿಟ್ಟೈತಲ್ಲ! ಡಬ್ಬಿ ಇಲ್ಲೇ ಐತೆ, ಒಂದು ಕೋಟು ಹೊಡ್ದುಬಿಡ್ತೀನಿ ತಡೀರಿ" ಎಂದ. ಅವನಿಗೆ ನಡೆದದ್ದನ್ನೆಲ್ಲ ಹೇಳಿ ನೋಯಿಸುವ ಮನಸ್ಸು ನನಗಿರಲಿಲ್ಲ. ಜಗಲಿಯ ಮೇಲೆ ಎಂದಿನಂತೆ ಕೂತಿದ್ದ ಅತ್ತೆ ದನಿ ಬಂದ ಕಡೆಗೆ ತಿರುಗಿದರು.

"ಹೋಗಿರಾದಲ್ಲ ಕಣಪ್ಪ, ಬಂದಿರಾದು. ಮುಟ್ಟಿ ನೋಡು."

ರಂಗಪ್ಪ ಬಗ್ಗಿ ಮುಟ್ಟಿದ. ಆ ಬೆಳಗ್ಗೆ ತಾನೇ ಹಚ್ಚಿದ ಅರಿಶಿನ ಅವನ ಬಣ್ಣದ ಬೆರಳಿಗೆ ಅಂಟಿತು. ಅವನು ಅದನ್ನು ಪ್ಯಾಂಟಿಗೆ ಒರೆಸಿಕೊಳ್ಳಲಿಲ್ಲ. ಎರಡೂ ಕಣ್ಣಿಗೆ ಒತ್ತಿಕೊಂಡು, ಡಬ್ಬಿ ಎತ್ತಿಕೊಂಡು ಹೋದ.